ಗುರುವಿನ ಮುಂದೆ ಹೇಳಲಾಗದ ಕಸುಬು

ತಾನು ಮಾಡಿದ ಕೆಲಸವನ್ನು ಲೋಕವೆಲ್ಲ ಕೊಂಡಾಡುತ್ತಿರುವಾಗ, ಆ ಕೆಲಸಕ್ಕಾಗಿಯೇ ಒಳಗೊಳಗೆ ನಾಚಿಕೊಳ್ಳುವ ಮನುಷ್ಯನನ್ನು ಕಂಡವರುಂಟೆ? ಹಣ ಬಂದಿದೆ, ಹೆಸರು ಬಂದಿದೆ, ಬೀದಿಯ ಹುಡುಗರ ಸಿಳ್ಳಿನಲ್ಲಿ ಅವನು ಕಟ್ಟಿದ ರಾಗ ಹರಿದಾಡುತ್ತಿದೆ. ಆದರೂ ಅವನ ಮನಸ್ಸು ತನಗೆ ವಿದ್ಯೆ ಕಲಿಸಿದ ಒಬ್ಬ ಗುರುವಿನ ಮುಖವನ್ನು ನೆನೆದಾಗಲೆಲ್ಲ ತಲೆ ತಗ್ಗಿಸುತ್ತದೆ. ಇಂಥದೊಂದು ಸಂಕಟವನ್ನು ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡು, ಅದರ ನಡುವೆಯೇ ನಾನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ರಚಿಸಿದವರು ಇಟಲಿಯ ಎನ್ನಿಯೋ ಮೊರಿಕೋನೆ.

ಮೊರಿಕೋನೆಯವರು ಮಿತಭಾಷಿ. ಪತ್ರಿಕೆಯವರು ಬಂದರೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಎರಡು ಬಾರಿ ತಮ್ಮ ಕಥೆಯನ್ನು ಮನಬಿಚ್ಚಿ ಹೇಳಿಕೊಂಡರು. ಅಲೆಸ್ಸಾಂದ್ರೊ ದೆ ರೋಸಾ ಎಂಬ ತರುಣ ಸಂಗೀತಗಾರನೊಡನೆ ನಡೆದ ದೀರ್ಘ ಸಂಭಾಷಣೆ 2016ರಲ್ಲಿ ಪುಸ್ತಕವಾಯಿತು. ಗೆಳೆಯ ನಿರ್ದೇಶಕ ಜುಸೆಪ್ಪೆ ತೋರ್ನತೋರೆ ಅವರ ಕ್ಯಾಮೆರಾದ ಮುಂದೆ ಕುಳಿತು ಆಡಿದ ಮಾತುಗಳು ಸಾಕ್ಷ್ಯಚಿತ್ರವಾಗಿ 2021ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡವು. ಅಷ್ಟರಲ್ಲಿ ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಈ ಎರಡರಲ್ಲಿಯೂ ಗೆದ್ದವನ ಜಂಬ ಕಾಣುವುದಿಲ್ಲ. ಒಬ್ಬ ಶಿಷ್ಯ ಬಹಳ ತಡವಾಗಿ ತನ್ನ ಲೆಕ್ಕ ಒಪ್ಪಿಸುತ್ತಿರುವಂತೆ ತೋರುತ್ತದೆ.

ತಂದೆಯ ತುತ್ತೂರಿ

ಎನ್ನಿಯೋ ಹುಟ್ಟಿದ್ದು 1928ರ ನವೆಂಬರ್ 10ರಂದು, ರೋಮ್ ನಗರದಲ್ಲಿ. ತಂದೆ ಮಾರಿಯೋ ಟ್ರಂಪೆಟ್ ವಾದಕ. ನಮ್ಮವರು ತುತ್ತೂರಿ ಎಂದು ಕರೆಯುವ ವಾದ್ಯದ ಪಾಶ್ಚಾತ್ಯ ರೂಪ ಅದು. ರಾತ್ರಿಯ ಕ್ಲಬ್ಬುಗಳಲ್ಲಿ, ಲಘುಸಂಗೀತದ ಮೇಳಗಳಲ್ಲಿ ಊದಿ ಅವರು ಮನೆ ನಡೆಸುತ್ತಿದ್ದರು. ಬಾಲಕ ಎನ್ನಿಯೋಗೆ ವೈದ್ಯನಾಗುವ ಆಸೆ. ತಂದೆ ಅದಕ್ಕೆ ಒಪ್ಪಲಿಲ್ಲ. ಈ ತುತ್ತೂರಿಯಿಂದಲೇ ನಿಮ್ಮನ್ನೆಲ್ಲ ಸಾಕಿದ್ದೇನೆ, ನೀನೂ ಇದರಿಂದಲೇ ನಿನ್ನ ಸಂಸಾರವನ್ನು ಸಾಕುವೆ ಎಂಬುದು ಆ ತಂದೆಯ ತೀರ್ಪು. ಮನೆಯ ಹಿರಿಯನ ಮಾತಿಗೆ ಎದುರಾಡುವ ಕಾಲ ಅದಲ್ಲ. ಹುಡುಗ ರೋಮಿನ ಸಾಂತಾ ಚೆಚೀಲಿಯಾ ಸಂಗೀತ ವಿದ್ಯಾಲಯಕ್ಕೆ ಸೇರಿ ಟ್ರಂಪೆಟ್ ಹಿಡಿದನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. 1943ರಲ್ಲಿ ರೋಮ್ ಜರ್ಮನರ ವಶವಾಯಿತು. ಮರುವರ್ಷ ಜೂನ್ ತಿಂಗಳಲ್ಲಿ ಮಿತ್ರಪಕ್ಷದ ಸೈನ್ಯ ಒಳಬಂದಿತು. ತಂದೆಗೆ ಕಾಯಿಲೆಯಾದಾಗ ಅವರ ಜಾಗದಲ್ಲಿ ಮಗ ನಿಂತು ಊದಬೇಕಾಗುತ್ತಿತ್ತು. ಹಗಲು ವಿದ್ಯಾಲಯ, ರಾತ್ರಿ ಸೈನಿಕರು ಕುಡಿದು ಕುಣಿಯುವ ಜಾಗ. ಮೊದಲು ಜರ್ಮನರಿಗಾಗಿ ಊದಿದ ಹುಡುಗ ಬಳಿಕ ಅಮೆರಿಕನರಿಗಾಗಿ ಊದಿದನು. ಎಷ್ಟೋ ಸಲ ಕೂಲಿಯೆಂದು ದೊರೆಯುತ್ತಿದ್ದುದು ಆಹಾರವೇ. ತೊಂಬತ್ತರ ಹೊಸ್ತಿಲಲ್ಲಿದ್ದಾಗ ಈ ದಿನಗಳನ್ನು ನೆನೆದ ಮೊರಿಕೋನೆಯವರು, ಅನ್ನಕ್ಕಾಗಿ ವಾದ್ಯ ನುಡಿಸುವುದು ತಮಗೆ ಬಹಳ ಅವಮಾನವೆನಿಸುತ್ತಿತ್ತು ಎಂದು ಹೇಳಿಕೊಂಡರು. ಎಪ್ಪತ್ತು ವರ್ಷ ಕಳೆದರೂ ಆ ಗಾಯ ಮಾಗಿರಲಿಲ್ಲ. ಹೊಟ್ಟೆಪಾಡಿನ ಸಂಗೀತ ಎಂದರೆ ಅವರ ಮನಸ್ಸು ಮುದುಡಿಕೊಳ್ಳುವುದಕ್ಕೆ ಬೀಜ ಬಿದ್ದದ್ದು ಇಲ್ಲಿಯೇ ಇರಬೇಕು.

ತಂದೆಯ ತುತ್ತೂರಿಯದೇ ಇನ್ನೊಂದು ಪ್ರಸಂಗವುಂಟು. ವಯಸ್ಸಾದಂತೆ ಮಾರಿಯೋ ಅವರ ಉಸಿರು, ತುಟಿಗಳ ಹಿಡಿತ ಸಡಿಲವಾಯಿತು. ಮಗ ಅಷ್ಟು ಹೊತ್ತಿಗೆ ಹೆಸರಾದ ಸಂಗೀತ ನಿರ್ದೇಶಕ. ತಂದೆಯನ್ನು ಕರೆಸಿದರೆ ಸಂಗೀತ ಕೆಡುತ್ತದೆ. ಬೇರೊಬ್ಬ ವಾದಕನನ್ನು ಕರೆಸಿದರೆ ತಂದೆಯ ಮನಸ್ಸು ನೋಯುತ್ತದೆ. ತಾಯಿ ಲೀಬೆರಾ, ತಂದೆಯನ್ನು ಕರೆಯಬಾರದೇ ಎಂದು ಮಗನನ್ನು ಕೇಳಿಯೂ ಕೇಳುತ್ತಿದ್ದರು. ಮಗ ಕಂಡುಕೊಂಡ ದಾರಿ ಒಂದೇ: ತಾನು ಬರೆಯುವ ಸಂಗೀತದಲ್ಲಿ ಟ್ರಂಪೆಟ್ಟಿಗೆ ಜಾಗವನ್ನೇ ಇಡದಿರುವುದು. ತಂದೆ ತೀರಿಕೊಂಡ ಬಳಿಕವೇ ಆ ವಾದ್ಯ ಅವರ ಸ್ವರಲಿಪಿಗೆ ಮರಳಿ ಬಂದಿತಂತೆ. ಅವರ ಸ್ವಭಾವವನ್ನು ತಿಳಿಯಲು ಈ ಒಂದು ಸಂಗತಿ ಸಾಕು. ಬಾಯಲ್ಲಿ ಆಡಲಾರದ ಮಾತನ್ನು ಅವರು ಕೆಲಸದಲ್ಲಿ ಆಡುತ್ತಿದ್ದರು.

ಗುರು ಪೆತ್ರಾಸ್ಸಿ

1946ರಲ್ಲಿ ಟ್ರಂಪೆಟ್ ವಾದನದ ಪದವಿ ದೊರೆಯಿತು. ಆದರೆ ತರುಣನ ಹಂಬಲ ಬೇರೆಯಾಗಿತ್ತು. ಪರರು ಬರೆದುದನ್ನು ನುಡಿಸುವುದಕ್ಕಿಂತ ತಾನೇ ಬರೆಯಬೇಕು ಎಂಬ ಹಟದಿಂದ ಅವನು ಗೊಫ್ರೆಡೊ ಪೆತ್ರಾಸ್ಸಿಯವರ ಶಿಷ್ಯನಾದನು. ಇಪ್ಪತ್ತನೆಯ ಶತಮಾನದ ಇಟಲಿಯ ಶ್ರೇಷ್ಠ ಸಂಗೀತ ರಚನಕಾರರಲ್ಲಿ ಪೆತ್ರಾಸ್ಸಿ ಒಬ್ಬರು. ಒಂದರ ಮೇಲೊಂದು ಸ್ವರಧಾರೆಗಳು ಸಾಗುತ್ತಿದ್ದರೂ ಒಂದಕ್ಕೊಂದು ತೊಡಕಾಗದಂತೆ ನೇಯುವ ವಿದ್ಯೆ ಪಾಶ್ಚಾತ್ಯ ಸಂಗೀತದ ತಿರುಳು. ಅದನ್ನು ಶತಮಾನಗಳ ಹಿಂದಿನ ಆಚಾರ್ಯರಿಂದ ಮೊದಲುಗೊಂಡು ಅವರು ಶಿಷ್ಯರಿಗೆ ಕಲಿಸುತ್ತಿದ್ದರು. ರಾತ್ರಿ ಕ್ಲಬ್ಬಿನಲ್ಲಿ ತುತ್ತೂರಿ ಊದಿ ಬಂದ ಹುಡುಗ ಬೆಳಿಗ್ಗೆ ಆ ಪಾಠಕ್ಕೆ ಕುಳಿತಾಗ ಅವನಿಗೆ ತಾನು ಉಳಿದವರಿಗಿಂತ ಕೀಳು ಎಂಬ ಅಳುಕು. ಗುರು ಮಾತ್ರ ಅವನನ್ನು ಚೆನ್ನಾಗಿಯೇ ತಿದ್ದಿದರು. 1954ರಲ್ಲಿ ರಚನೆಯ ಪದವಿ ಕೈಸೇರಿತು.

ವಿದ್ಯೆ ಮುಗಿಯಿತು; ಬದುಕು ಎದುರಾಯಿತು. 1956ರಲ್ಲಿ ಮರಿಯಾ ತ್ರಾವಿಯಾ ಎಂಬಾಕೆಯೊಡನೆ ಮದುವೆ; ಮರುವರ್ಷ ಮೊದಲ ಮಗ. ಸಭಾಂಗಣಕ್ಕಾಗಿ ಬರೆದ ಗಂಭೀರ ಕೃತಿಗಳಿಂದ ಬಾಡಿಗೆ ಕಟ್ಟುವಷ್ಟು ಹಣವೂ ಹುಟ್ಟುತ್ತಿರಲಿಲ್ಲ. 1958ರಲ್ಲಿ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆಯಲ್ಲಿ ನೌಕರಿ ದೊರೆತಾಗ ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟಿರಬೇಕು. ತಿಂಗಳ ಸಂಬಳ, ನಿವೃತ್ತಿವೇತನ, ಸಮಾಜದಲ್ಲಿ ಮರ್ಯಾದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರಿಗೆ ಒಂದು ನಿಯಮ ತಿಳಿದುಬಂದಿತು: ಸಂಸ್ಥೆಯ ನೌಕರನು ರಚಿಸಿದ ಸಂಗೀತವನ್ನು ಸಂಸ್ಥೆ ಪ್ರಸಾರ ಮಾಡುವಂತಿಲ್ಲ. ಅಂದೇ ರಾಜೀನಾಮೆ ಕೊಟ್ಟು ಹೊರಬಂದರು. ಕೈಯಲ್ಲಿದ್ದ ಸರ್ಕಾರಿ ನೌಕರಿಯನ್ನು ಒಂದೇ ದಿನದಲ್ಲಿ ಬಿಟ್ಟು ಬಂದ ಎಳೆಯ ಸಂಸಾರಿಯನ್ನು ಆ ಸಂಜೆ ಮನೆಯಲ್ಲಿ ಮರಿಯಾ ಹೇಗೆ ಎದುರುಗೊಂಡರೋ, ಊಹಿಸಬಹುದು.

ಬಳಿಕ ಅವರಿಗೆ ಅನ್ನವಿತ್ತದ್ದು ಧ್ವನಿಮುದ್ರಿಕೆಯ ಕಂಪನಿ. ಬೇರೆಯವರು ಕಟ್ಟಿದ ಹಾಡುಗಳಿಗೆ ವಾದ್ಯಗಳನ್ನು ಹೊಂದಿಸುವ ಕೆಲಸ. ಅಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. 1960ರಲ್ಲಿ ಡಬ್ಬಿಯನ್ನು ಕುರಿತ ಒಂದು ಹಾಡು ಬಂದಾಗ, ನಿಜವಾದ ತಗಡಿನ ಡಬ್ಬಿಯನ್ನೇ ಉರುಳಿಸಿ ಆ ಸದ್ದನ್ನು ಹಾಡಿನೊಳಗೆ ಸೇರಿಸಿದರು. ಜನ ಕೊಂಡು ಕೇಳಿದರು. 1961ರಲ್ಲಿ ಅವರ ಹೆಸರು ಹೊತ್ತ ಮೊದಲ ಚಲನಚಿತ್ರ ಬಂದಿತು. ಆಗಲೇ ಅವರು ಮಡದಿಗೆ ಮಾತು ಕೊಟ್ಟರು: ‘ಈ ಸಿನಿಮಾ ಕೆಲಸ 1970ರವರೆಗೆ ಮಾತ್ರ, ಆಮೇಲೆ ಬಿಟ್ಟುಬಿಡುತ್ತೇನೆ.’ 1970 ಬಂದಾಗ ಗಡುವು 1980ಕ್ಕೆ ಹೋಯಿತು, 1980ರಲ್ಲಿ 1990ಕ್ಕೆ. ಹೀಗೆ ಗಡುವು ಮುಂದಕ್ಕೆ ಹೋದದ್ದನ್ನು ಕೊನೆಗಾಲದಲ್ಲಿ ಅವರೇ ನಗುತ್ತ ಹೇಳಿಕೊಂಡರು. ಕೊಟ್ಟ ಮಾತು ನಡೆಯಲೇ ಇಲ್ಲ.

ಸಹಪಾಠಿಯ ಕರೆ

ಮೊರಿಕೋನೆಯವರ ಹೆಸರನ್ನು ಇಟಲಿಯ ಗಡಿ ದಾಟಿಸಿದ್ದು ಒಂದು ಆಕಸ್ಮಿಕ. ಹೊಸ ಚಿತ್ರವೊಂದಕ್ಕೆ ಸಂಗೀತ ಬೇಕೆಂದು ನಿರ್ದೇಶಕನೊಬ್ಬ ಮನೆಗೆ ಬಂದನು. ಮಾತನಾಡುವಾಗ ಅವನ ತುಟಿಯ ಚಲನೆಯನ್ನು ಎಲ್ಲಿಯೋ ಕಂಡಂತಿತ್ತು. ವಿಚಾರಿಸಿದರೆ, ಪ್ರಾಥಮಿಕ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಕಲಿತ ಹುಡುಗ! ಅವನೇ ಸೆರ್ಜಿಯೊ ಲಿಯೋನೆ. ಆ ಕಾಲದ ತರಗತಿಯ ಭಾವಚಿತ್ರ ಇಂದಿಗೂ ಉಳಿದಿದೆ, ಇಬ್ಬರೂ ಅದರಲ್ಲಿದ್ದಾರೆ.

ಲಿಯೋನೆ ಮಾಡಹೊರಟಿದ್ದು ಅಮೆರಿಕದ ಕುದುರೆ ಸವಾರರ, ಕೋವಿಕಾಳಗದ ಕಥೆ. ಕೈಯಲ್ಲಿದ್ದ ಹಣ ಅತ್ಯಲ್ಪ. ಮೊರಿಕೋನೆ ಹಿಂದೆ ಅಮೆರಿಕದ ಜನಪದ ಶೈಲಿಯ ಹಾಡೊಂದಕ್ಕೆ ಹೊಂದಿಸಿದ್ದ ವಾದ್ಯಮೇಳವನ್ನು ಲಿಯೋನೆ ಕೇಳಿ ಮೆಚ್ಚಿದರು. ಅದರಲ್ಲಿ ಚಾಟಿಯ ಏಟು, ಗಂಟೆಯ ದನಿ, ಸುತ್ತಿಗೆಯ ಪೆಟ್ಟು ಎಲ್ಲವೂ ಇದ್ದವು. ಹಾಡುಗಾರನ ದನಿಯನ್ನು ತೆಗೆದು, ಆ ಜಾಗದಲ್ಲಿ ಸಿಳ್ಳನ್ನು ಇಟ್ಟರು. ಸಿಳ್ಳು ಹಾಕಿದವರು ಗಿಟಾರ್ ವಾದಕ ಅಲೆಸ್ಸಾಂದ್ರೊ ಅಲೆಸ್ಸಾಂದ್ರೋನಿ. 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆರೆ ಕಂಡಿತು. ಅಮೆರಿಕದ ಚಿತ್ರವೆಂದು ಜನ ನಂಬಲೆಂದು ಎಲ್ಲರಿಗೂ ಅಮೆರಿಕನ್ ಹೆಸರುಗಳು. ಮೊರಿಕೋನೆಯವರ ಹೆಸರು ಪರದೆಯ ಮೇಲೆ ‘ಡ್ಯಾನ್ ಸಾವಿಯೋ’ ಎಂದಾಯಿತು. ಗುರುವಿನ ಕಣ್ಣಿಗೆ ಬೀಳಬಾರದೆಂಬ ಶಿಷ್ಯನಿಗೆ ಇಂಥ ಮರೆ ಬೇಡವೆನಿಸಿರಲಾರದು. ಚಿತ್ರ ಅಪಾರ ಯಶಸ್ಸು ಕಂಡಿತು. ಸಂಗೀತ ಮಾತ್ರ ತಮ್ಮ ಕೆಟ್ಟ ಕೆಲಸಗಳಲ್ಲೊಂದು ಎಂಬುದು ಮೊರಿಕೋನೆಯವರ ಅಭಿಪ್ರಾಯವಾಗಿತ್ತು.

ಮುಂದಿನ ಚಿತ್ರಗಳಲ್ಲಿ ಆ ಕುಶಲತೆ ಬೆಳೆಯಿತು. 1965ರ ಚಿತ್ರದಲ್ಲಿ ಜೇಬುಗಡಿಯಾರದ ಪುಟ್ಟ ಗಂಟೆಗಳ ನಾದವೇ ಕಥೆಯನ್ನು ನಡೆಸುತ್ತದೆ. ಆ ನಾದ ನಿಂತಾಗ ಕೋವಿ ಹಾರಬೇಕು. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದ ಸುಪ್ರಸಿದ್ಧ ಸ್ವರಗಳು ಹುಟ್ಟಿದ್ದು ಅಮೆರಿಕದ ಬಯಲಿನ ಕಯೋಟಿ ಎಂಬ ನರಿಯಂಥ ಪ್ರಾಣಿಯ ಊಳಿನಿಂದ. ಎದ್ದಾ ದೆಲ್ಲೊರ್ಸೊ ಎಂಬ ಗಾಯಕಿಯ ಕಂಠವನ್ನು ಅವರು ಸಾಹಿತ್ಯವಿಲ್ಲದೆ, ಶುದ್ಧ ವಾದ್ಯದಂತೆ ಬಳಸಿದರು. ನಮ್ಮ ಆಲಾಪನೆಯ ಸುಖವನ್ನು ಬಲ್ಲವರಿಗೆ ಆ ಕಂಠದ ಮೋಡಿ ಬೇಗನೆ ಹಿಡಿಸುತ್ತದೆ.

1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರದಲ್ಲಿ ಕ್ರಮವೇ ತಲೆಕೆಳಗಾಯಿತು. ಸಾಮಾನ್ಯವಾಗಿ ಚಿತ್ರ ಮುಗಿದ ಮೇಲೆ ಸಂಗೀತ. ಇಲ್ಲಿ ಸಂಗೀತ ಮೊದಲೇ ಸಿದ್ಧವಾಗಿ, ಚಿತ್ರೀಕರಣದ ಸ್ಥಳದಲ್ಲಿ ಅದನ್ನು ನುಡಿಸುತ್ತಿದ್ದರು. ನಟರು ಆ ಲಯಕ್ಕೆ ಹೆಜ್ಜೆಯಿಟ್ಟರು. ಆದರೆ ಅದೇ ಚಿತ್ರದ ಆರಂಭದ ಉದ್ದನೆಯ ದೃಶ್ಯದಲ್ಲಿ ಸಂಗೀತವೇ ಇಲ್ಲ. ಗಾಳಿಯಂತ್ರದ ಕಿರುಗುಟ್ಟುವಿಕೆ, ತೊಟ್ಟಿಕ್ಕುವ ನೀರು, ನೊಣದ ಗುಂಯ್‌ಗುಡುವಿಕೆ, ಇಷ್ಟೇ. ಹಿಂದೊಮ್ಮೆ ಫ್ಲಾರೆನ್ಸ್ ನಗರದಲ್ಲಿ ಒಬ್ಬನು ಏಣಿಯೊಂದನ್ನು ಅಲುಗಾಡಿಸಿ ಅದರ ಸದ್ದನ್ನೇ ಕಛೇರಿಯಾಗಿ ನಡೆಸಿದ್ದನ್ನು ಮೊರಿಕೋನೆ ಕಂಡಿದ್ದರು. ನಿತ್ಯದ ಸದ್ದನ್ನು ಅದರ ಸಂದರ್ಭದಿಂದ ಬಿಡಿಸಿ ಮೌನದ ನಡುವೆ ಇಟ್ಟರೆ ಅದು ಬೇರೆಯೇ ಆಗಿಬಿಡುತ್ತದೆ ಎಂದು ಅವರು ಲಿಯೋನೆಗೆ ಹೇಳಿದರು. ದೊಡ್ಡ ವಿದ್ವಾಂಸರ ಗೋಷ್ಠಿಯಲ್ಲಿ ಕಲಿತುದು ಕುದುರೆ ಸವಾರರ ಚಿತ್ರದೊಳಗೆ ಹೊಕ್ಕಿತು.

ಈ ಚಿತ್ರದ ನೆರಳು ನಮ್ಮ ನಾಡಿನವರೆಗೂ ಬಂದಿದೆ. 1975ರಲ್ಲಿ ತೆರೆ ಕಂಡ ಹಿಂದಿ ಚಿತ್ರ ‘ಶೋಲೆ’ಯನ್ನು ಚಿತ್ರೀಕರಿಸಿದ್ದು ರಾಮನಗರದ ಹೆಬ್ಬಂಡೆಗಳ ನಡುವೆ. ಅದರಲ್ಲಿ ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯ ಲಿಯೋನೆಯ ಚಿತ್ರದ ದೃಶ್ಯವನ್ನು ನೆನಪಿಗೆ ತರುತ್ತದೆ. ಲಿಯೋನೆಯ ಚಿತ್ರದ ನಾಯಕನ ತುಟಿಯಲ್ಲಿ ಮೌತ್ ಆರ್ಗನ್. ‘ಶೋಲೆ’ಯಲ್ಲಿ ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತ ಜೈನ ತುಟಿಯಲ್ಲಿಯೂ ಅದೇ. ರೋಮಿನ ಹಳೆಯ ಇಬ್ಬರು ಸಹಪಾಠಿಗಳ ಕಲ್ಪನೆ ಹೀಗೆ ಸುತ್ತಿ ಬಳಸಿ ರಾಮನಗರದ ಬಂಡೆಗಳನ್ನೂ ಮುಟ್ಟಿತು.

ಎರಡು ಸಂಗೀತ

ಇಷ್ಟು ಯಶಸ್ಸಿನ ನಡುವೆಯೂ ಮೊರಿಕೋನೆಯವರ ಮನಸ್ಸಿನಲ್ಲಿ ಒಂದು ಗೋಡೆ ಎದ್ದು ನಿಂತಿತ್ತು. ತಮ್ಮ ಕೃತಿಗಳನ್ನು ಅವರು ಎರಡು ಪಾಲಾಗಿ ವಿಂಗಡಿಸುತ್ತಿದ್ದರು. ಯಾರ ಅಪ್ಪಣೆಯೂ ಇಲ್ಲದೆ ಸಂಗೀತಕ್ಕಾಗಿಯೇ ಬರೆದುದು ‘ಪರಿಶುದ್ಧ ಸಂಗೀತ’. ಚಿತ್ರಕ್ಕಾಗಿ ಬರೆದುದು ‘ಅನ್ವಯ ಸಂಗೀತ’. ಮೊದಲನೆಯ ಬಗೆಯವು ನೂರಕ್ಕೂ ಹೆಚ್ಚು ಇವೆ. ಲೋಕ ಮೆಚ್ಚಿದ್ದು ಎರಡನೆಯದನ್ನು. ಗುರು ಕಲಿಸಿದ್ದು ಮೊದಲನೆಯದಕ್ಕಾಗಿ.

ಸಂಗೀತ ವಿದ್ಯಾಲಯದ ಪಂಡಿತ ವಲಯದಲ್ಲಿ ಆಗ ಸಿನಿಮಾಕ್ಕೆ ಬರೆಯುವುದೆಂದರೆ ವಿದ್ಯೆಯನ್ನು ಸಂತೆಯಲ್ಲಿಟ್ಟು ಮಾರಿದಂತೆ. ನಮ್ಮಲ್ಲಿಯೂ ಸಭಾಗಾನದ ಮಡಿವಂತರು ನಾಟಕದ ಮಟ್ಟು, ಸಿನಿಮಾದ ಧಾಟಿ ಎಂದರೆ ಮೂಗು ಮುರಿಯುತ್ತಿದ್ದ ಕಾಲವೊಂದಿತ್ತಲ್ಲ, ಅಂಥದೇ ಭಾವನೆ. ಪೆತ್ರಾಸ್ಸಿಯವರಿಗೂ ಈ ಕಸುಬು ರುಚಿಸಲಿಲ್ಲ. 1949ರ ‘ಕಹಿ ಅಕ್ಕಿ’ ಎಂಬ ಅರ್ಥದ ಹೆಸರಿನ ಪ್ರಸಿದ್ಧ ಚಿತ್ರಕ್ಕೆ ಸ್ವತಃ ಅವರೇ ಸಂಗೀತ ಕೊಟ್ಟಿದ್ದರೆಂಬುದು ಬೇರೆ ಮಾತು. ತನ್ನ ಶಿಷ್ಯ ಇಡೀ ಬಾಳನ್ನೇ ಅದಕ್ಕೆ ತೆತ್ತನಲ್ಲ ಎಂಬುದು ಗುರುವಿನ ಕೊರಗಾಗಿದ್ದಿರಬೇಕು. ಕಳೆದುಹೋದ ಕಾಲವನ್ನು ಮೊರಿಕೋನೆ ಮುಂದೆ ತುಂಬಿಕೊಳ್ಳುತ್ತಾನೆ ಎಂಬ ನಂಬಿಕೆಯನ್ನು ಅವರು ಒಮ್ಮೆ ಶಿಷ್ಯನ ಎದುರಿನಲ್ಲಿಯೇ ತೋರಿದರು. ಆ ಮಾತಿನಲ್ಲಿ ವಾತ್ಸಲ್ಯವಿತ್ತು. ಆದರೆ ಇಷ್ಟು ದಿನ ಮಾಡಿದ್ದೆಲ್ಲ ಕಾಲಹರಣ ಎಂಬ ತೀರ್ಪೂ ಅದರಲ್ಲಿಯೇ ಇತ್ತು. ಬೈಗುಳವಾಗಿದ್ದರೆ ಮರೆತುಹೋಗುತ್ತಿತ್ತೇನೋ; ವಾತ್ಸಲ್ಯದ ಮಾತು ಮನಸ್ಸಿನಲ್ಲಿ ಉಳಿಯಿತು.

ಮೊರಿಕೋನೆಯವರು ಈ ಸಂಕಟಕ್ಕೆ ಕಂಡುಕೊಂಡ ಪರಿಹಾರ ಮೆಚ್ಚತಕ್ಕದ್ದು. ಕೂಲಿಯ ಕೆಲಸವೆಂದು ಅವರು ಅದನ್ನು ಹಗುರವಾಗಿ ಮಾಡಲಿಲ್ಲ. ಗುರು ಕಲಿಸಿದ ವಿದ್ಯೆಯನ್ನು ಯಾರಿಗೂ ಹೇಳದೆ ಅದರೊಳಗೆ ಹುದುಗಿಸಿಟ್ಟರು. 1969ರ ‘ದಿ ಸಿಸಿಲಿಯನ್ ಕ್ಲಾನ್’ ಎಂಬ ಪಾತಕಿಗಳ ಚಿತ್ರವನ್ನು ತೆಗೆದುಕೊಳ್ಳಿ. ಜರ್ಮನ್ ಪದ್ಧತಿಯಲ್ಲಿ ಸ್ವರಗಳಿಗೆ ಅಕ್ಷರಗಳೇ ಹೆಸರು. ಮಹಾಸಂಗೀತಗಾರ ಬಾಕ್ ಅವರ ಹೆಸರಿನ ನಾಲ್ಕು ಅಕ್ಷರಗಳು ನಾಲ್ಕು ಸ್ವರಗಳಾಗುತ್ತವೆ. ಆ ನಾಲ್ಕು ಸ್ವರಗಳನ್ನು ಮೊರಿಕೋನೆ ಈ ಚಿತ್ರದ ಧಾಟಿಯೊಳಗೆ ಹೆಣೆದರು. ಚಿತ್ರಮಂದಿರದಲ್ಲಿ ಕಡಲೆಕಾಯಿ ಮೆಲ್ಲುತ್ತ ಕುಳಿತವನಿಗೆ ಇದು ತಿಳಿಯಬೇಕಾಗಿಲ್ಲ. ಬರೆದವನಿಗೆ ತಿಳಿದಿತ್ತು, ಗುರು ಕೇಳಿದ್ದರೆ ಅವರಿಗೂ ತಿಳಿಯುತ್ತಿತ್ತು.

ಆತ್ಮಗೌರವವನ್ನೂ ಅವರು ಬಿಟ್ಟುಕೊಡಲಿಲ್ಲ. ಕವಿ, ನಿರ್ದೇಶಕ ಪಸೊಲಿನಿ ಮೊದಲ ಭೇಟಿಯಲ್ಲಿ ಹಳೆಯ ಆಚಾರ್ಯರ ಕೃತಿಗಳ ಪಟ್ಟಿಯನ್ನು ಮುಂದಿಟ್ಟು, ಇವನ್ನು ಚಿತ್ರಕ್ಕೆ ಹೊಂದಿಸಿಕೊಡಬೇಕೆಂದರು. ತಾನು ಸಂಗೀತ ಬರೆಯುವವನು, ಪರರ ಸಂಗೀತ ಅಂಟಿಸುವವನಲ್ಲ ಎಂದು ಮೊರಿಕೋನೆ ನಿರಾಕರಿಸಿದರು. ಪಸೊಲಿನಿ ಒಂದು ಗಳಿಗೆ ಯೋಚಿಸಿ, ಹಾಗಾದರೆ ನಿಮಗೆ ತೋಚಿದಂತೆ ಬರೆಯಿರಿ ಎಂದುಬಿಟ್ಟರು.

ನಿರ್ದೇಶಕ ಪೊಂತೆಕೊರ್ವೊ ಅವರೊಡನೆ ನಡೆದ ವಿನೋದವಂತೂ ಸ್ವಾರಸ್ಯವಾಗಿದೆ. 1966ರ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ ಚಿತ್ರಕ್ಕೆ ಮೊರಿಕೋನೆ ಬರೆದ ಯಾವ ಧಾಟಿಯೂ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಒಂದು ದಿನ ತಾವೇ ಒಂದು ಧಾಟಿಯನ್ನು ಕಂಡುಹಿಡಿದು, ಅದನ್ನು ಗುನುಗುತ್ತ ಮೊರಿಕೋನೆಯವರ ಮನೆಯ ಮೆಟ್ಟಿಲೇರಿದರು. ಒಳಗಿದ್ದ ಸಂಗೀತಗಾರನ ಕಿವಿ ಅದನ್ನು ಹಿಡಿದುಕೊಂಡಿತು. ಪೊಂತೆಕೊರ್ವೊ ಬಾಯಿ ತೆರೆಯುವ ಮುನ್ನವೇ, ನನಗೂ ಒಂದು ಧಾಟಿ ಹೊಳೆದಿದೆ, ಕೇಳಿ ಎಂದು ಮೊರಿಕೋನೆ ಅದನ್ನೇ ನುಡಿಸಿದರು. ಪೊಂತೆಕೊರ್ವೊ ಬೆರಗಾಗಿ, ಇಬ್ಬರ ಮನಸ್ಸೂ ಒಂದೇ ಆಗಿದೆಯಲ್ಲ ಎಂದು ಸಂತೋಷಪಟ್ಟರು. ಚಿತ್ರಕ್ಕೆ ವೆನಿಸ್ಸಿನಲ್ಲಿ ಅತ್ಯುನ್ನತ ಪ್ರಶಸ್ತಿ ಬಂದ ಮೇಲೆಯೇ ಗುಟ್ಟು ಹೊರಬಿದ್ದಿತು.

ಮನೆಯ ಮೊದಲ ಶ್ರೋತೃ

ಅವರ ದಿನಚರಿ ಒಬ್ಬ ಗುಮಾಸ್ತನ ದಿನಚರಿಯಷ್ಟು ಕಟ್ಟುನಿಟ್ಟು. ಬೆಳಕು ಹರಿಯುವ ಮುನ್ನ ಏಳುವುದು, ವ್ಯಾಯಾಮ, ಪತ್ರಿಕೆ, ಬಳಿಕ ಬರೆಯುವ ಮೇಜು. ಪಿಯಾನೋದ ಮುಂದೆ ಕುಳಿತು ತಡಕಾಡುವ ಅಭ್ಯಾಸವಿಲ್ಲ. ಸಂಗೀತ ತಲೆಯಲ್ಲಿ ಕೇಳಿಸುತ್ತಿತ್ತು, ಅದನ್ನು ನೇರವಾಗಿ ಕಾಗದಕ್ಕಿಳಿಸುವುದು. ಹಾಲಿವುಡ್ಡಿನಲ್ಲಿ ಬಂಗಲೆಯ ಆಸೆ ತೋರಿಸಿದರೂ ರೋಮ್ ಬಿಡಲಿಲ್ಲ. ಇಂಗ್ಲಿಷ್ ಕಲಿಯುವ ಗೋಜಿಗೂ ಹೋಗಲಿಲ್ಲ. ಅಲ್ಲಿನ ಅನೇಕ ಸಂಗೀತ ನಿರ್ದೇಶಕರು ಧಾಟಿಯನ್ನಷ್ಟೇ ಬರೆದು ವಾದ್ಯಗಳ ಹಂಚಿಕೆಯನ್ನು ಸಹಾಯಕರಿಗೆ ಬಿಡುತ್ತಾರೆ. ಮೊರಿಕೋನೆ ಪ್ರತಿಯೊಂದು ವಾದ್ಯದ ಪ್ರತಿಯೊಂದು ಸ್ವರವನ್ನೂ ತಾವೇ ಬರೆಯುತ್ತಿದ್ದರು. ಬಿಡುವಿನ ವ್ಯಸನವೆಂದರೆ ಚದುರಂಗ.

ಮರಿಯಾ ಸಂಗೀತ ಕಲಿತವರಲ್ಲ. ಆದರೆ ಮೊದಲ ತೀರ್ಪುಗಾರ್ತಿ ಅವರೇ. ನಿರ್ದೇಶಕರ ಮುಂದೆ ನಾಲ್ಕಾರು ಧಾಟಿಗಳನ್ನಿಟ್ಟರೆ ಅವರು ಕೆಟ್ಟದ್ದನ್ನೇ ಆರಿಸಿಕೊಳ್ಳುತ್ತಾರೆ ಎಂಬುದು ಮೊರಿಕೋನೆಯವರ ಅನುಭವ. ಆದ್ದರಿಂದ ಮೊದಲು ಮಡದಿಗೆ ಕೇಳಿಸುವುದು. ಆಕೆ ಬೇಡವೆಂದದ್ದನ್ನು ಹರಿದುಹಾಕುವುದು. ಉಳಿದದ್ದನ್ನು ಮಾತ್ರ ನಿರ್ದೇಶಕರ ಮುಂದಿಡುವುದು. ಕೇಳುಗರ ಹೃದಯ ಎಲ್ಲಿ ಮಿಡಿಯುತ್ತದೆಂಬುದು ಪಂಡಿತನಿಗಿಂತ ಆ ಗೃಹಿಣಿಗೆ ಚೆನ್ನಾಗಿ ತಿಳಿದಿತ್ತು.

ಗೋಡೆ ಕರಗಿದ ಬಗೆ

1984ರಲ್ಲಿ ಲಿಯೋನೆಯ ಕೊನೆಯ ಚಿತ್ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಬಂದಿತು. ಪೆತ್ರಾಸ್ಸಿಯವರ ಬಳಿ ಕಲಿತ ಇನ್ನೊಬ್ಬ ಸಂಗೀತಗಾರ ಬೋರಿಸ್ ಪೊರೇನಾ ಅದನ್ನು ನೋಡಿದರು. ಚಿತ್ರಸಂಗೀತಕ್ಕೆ ಹೋದ ಜೊತೆಗಾರನನ್ನು ಕೀಳಾಗಿ ಕಂಡಿದ್ದ ಪಂಡಿತ ವಲಯದವರು ಅವರು. ಚಿತ್ರ ನೋಡಿ ಬಂದವರು ಮೊರಿಕೋನೆಗೆ ಕ್ಷಮೆ ಕೋರಿ ಪತ್ರ ಬರೆದರು. ಲಕ್ಷಾಂತರ ಜನರ ಚಪ್ಪಾಳೆ ತರಲಾರದ ಸಮಾಧಾನವನ್ನು ಆ ಒಂದು ಕಾಗದ ತಂದಿರಬೇಕು.

ಎರಡು ವರ್ಷಗಳ ಬಳಿಕ ‘ದಿ ಮಿಷನ್’. ಹದಿನೆಂಟನೆಯ ಶತಮಾನದ ದಕ್ಷಿಣ ಅಮೆರಿಕ; ಕಾಡಿನ ಗ್ವಾರಾನಿ ಜನರ ನಡುವೆ ನೆಲೆಸಿದ ಜೆಸ್ಯುಯಿಟ್ ಪಾದ್ರಿಗಳು; ಕೊನೆಯಲ್ಲಿ ರಾಜ್ಯಗಳ ಆಸೆಗೆ ಎಲ್ಲರೂ ಬಲಿ. ಸಂಗೀತವಿಲ್ಲದ ಪ್ರತಿಯನ್ನು ನೋಡಿದಾಗಲೇ ಮೊರಿಕೋನೆ ಕಣ್ಣೀರಿಟ್ಟು, ಈ ಚಿತ್ರಕ್ಕೆ ಸಂಗೀತ ಬೇಡ, ತಾನು ಕೈಯಿಟ್ಟರೆ ಕೆಡುತ್ತದೆ ಎಂದು ಹಿಂಜರಿದರು. ಮತ್ತೆ ಮತ್ತೆ ಕೇಳಿಕೊಂಡ ಮೇಲೆ ಒಪ್ಪಿದರು.

ಕಥೆಯಲ್ಲಿ ಪಾದ್ರಿಯೊಬ್ಬನು ಕಾಡಿನಲ್ಲಿ ಕುಳಿತು ಓಬೋ ನುಡಿಸುತ್ತಾನೆ. ಓಬೋ ನಮ್ಮ ಶಹನಾಯಿಗೆ ದೂರದ ನೆಂಟ. ಎರಡು ಸೀಳಿನ ಪೀಪಿಯಿಂದ ಉಸಿರು ಹಾಯುವ ವಾದ್ಯ. ಆ ಓಬೋಗಾಗಿ ಅಂದಿನ ಯೂರೋಪಿನ ಶೈಲಿಯ ಗಮಕಗಳುಳ್ಳ ಒಂದು ಧಾಟಿ. ಇಗರ್ಜಿಯ ಹಳೆಯ ಸಂಪ್ರದಾಯದಲ್ಲಿ ಹಲವು ಕಂಠಗಳ ಒಂದು ವೃಂದಗಾನ. ಕಾಡಿನ ಜನರ ಲಯದ ಒಂದು ಕುಣಿತ. ಮೂರನ್ನೂ ಬೇರೆಬೇರೆಯಾಗಿ ಬರೆದರು. ಬಳಿಕ ಒಂದರ ಮೇಲೊಂದನ್ನು ಇಟ್ಟರು. ಒಂದು ಇನ್ನೊಂದರೊಡನೆ ಕೂಡಿತು. ಕೊನೆಗೆ ಮೂರೂ ಒಟ್ಟಿಗೆ ಹರಿದವು. ಒಂದಕ್ಕೊಂದು ತೊಡಕಾಗದ ಸ್ವರಧಾರೆಗಳ ನೇಯ್ಗೆ ಎಂದರೆ ಪೆತ್ರಾಸ್ಸಿಯವರ ಪಾಠವೇ ಅಲ್ಲವೆ? ಸಂಗೀತ ವಿದ್ಯಾಲಯದ ಕೊಠಡಿಯ ಆ ವಿದ್ಯೆ, ಯಾವ ಕಸುಬು ಅದಕ್ಕೆ ಕಳಂಕವೆಂದು ತಿಳಿದಿದ್ದರೋ ಆ ಕಸುಬಿನಲ್ಲಿಯೇ ಪೂರ್ಣವಾಗಿ ಅರಳಿತು.

1987ರಲ್ಲಿ ಆಸ್ಕರ್ ಪ್ರಶಸ್ತಿ ಇದಕ್ಕೇ ಎಂದು ಅನೇಕರು ನಂಬಿದ್ದರು. ಅದು ‘ರೌಂಡ್ ಮಿಡ್‌ನೈಟ್’ ಚಿತ್ರದ ಪಾಲಾಯಿತು. ಆ ಚಿತ್ರದಲ್ಲಿದ್ದ ಸಂಗೀತದ ಬಹುಭಾಗ ಮೊದಲೇ ಪ್ರಚಾರದಲ್ಲಿದ್ದ ಹಳೆಯ ರಚನೆಗಳೆಂಬುದು ಮೊರಿಕೋನೆಯವರಿಗೆ ನೋವು ತಂದಿತು. ಅದನ್ನು ಅವರು ಮುಚ್ಚಿಡಲಿಲ್ಲ. ಐದು ಬಾರಿ ಹೆಸರು ಸೂಚಿತವಾಗಿ ಐದು ಬಾರಿಯೂ ಬರಿಗೈ. 2007ರಲ್ಲಿ ಜೀವಮಾನದ ಸಾಧನೆಗೆಂದು ಗೌರವ ಪ್ರಶಸ್ತಿ ಕೊಟ್ಟರು. ಇಟಾಲಿಯನ್ ಭಾಷೆಯಲ್ಲಿ ಅವರು ಆಡಿದ ಮಾತುಗಳನ್ನು ಸಭೆಗೆ ತಿಳಿಸಿದವರು, ಲಿಯೋನೆಯ ಚಿತ್ರಗಳ ನಾಯಕನಾಗಿ ಅವರ ಸಂಗೀತದೊಡನೆಯೇ ಹೆಸರು ಪಡೆದ ಕ್ಲಿಂಟ್ ಈಸ್ಟ್‌ವುಡ್. ಆ ಪ್ರಶಸ್ತಿಯನ್ನು ಮೊರಿಕೋನೆ ಮರಿಯಾಗೆ ಅರ್ಪಿಸಿದರು. ಕೊನೆಗೆ 2016ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ‘ದಿ ಹೇಟ್‌ಫುಲ್ ಏಟ್’ ಚಿತ್ರಕ್ಕಾಗಿ ಸ್ಪರ್ಧೆಯ ಪ್ರಶಸ್ತಿಯೇ ದೊರೆಯಿತು. ಕುದುರೆ ಸವಾರರ ಚಿತ್ರಗಳು ತಮ್ಮ ಕೆಲಸದಲ್ಲಿ ನೂರಕ್ಕೆ ಎಂಟರಷ್ಟೂ ಇಲ್ಲವೆಂದು ಬಾಳೆಲ್ಲ ಗೊಣಗಿದವರಿಗೆ, ಗೆಲುವು ಬಂದದ್ದು ಅಂಥದೇ ಒಂದು ಚಿತ್ರದಿಂದ. ವಿಧಿಗೂ ವಿನೋದಪ್ರಜ್ಞೆ ಇರುವಂತಿದೆ.

ಈ ಪ್ರಶಸ್ತಿಗಿಂತ ದೊಡ್ಡ ಬದಲಾವಣೆ ಅವರೊಳಗೇ ಆಗಿತ್ತು. ಸಿನಿಮಾಕ್ಕೆ ಬರೆಯುವುದು ಮೊದಲಲ್ಲಿ ಅವಮಾನವೆನಿಸಿತ್ತು, ಮೆಲ್ಲಮೆಲ್ಲನೆ ಆ ಭಾವನೆ ಕರಗಿತು, ಚಿತ್ರಸಂಗೀತವೂ ಈ ಕಾಲದ ಪೂರ್ಣಪ್ರಮಾಣದ ಸಂಗೀತವೇ ಎಂದು ಈಗ ನಂಬಿದ್ದೇನೆ ಎಂಬ ಅರ್ಥದ ಮಾತನ್ನು ಅವರು ತೋರ್ನತೋರೆಯವರ ಕ್ಯಾಮೆರಾದ ಮುಂದೆ ಆಡಿದರು. ‘ಪರಿಶುದ್ಧ’ ಮತ್ತು ‘ಅನ್ವಯ’ ಎಂಬ ಎರಡು ದಂಡೆಗಳು ಒಂದನ್ನೊಂದು ಸಮೀಪಿಸಿದ್ದವು. ಜೆಸ್ಯುಯಿಟ್ ಪಂಥ ಮರಳಿ ಸ್ಥಾಪನೆಯಾದ ಇನ್ನೂರನೆಯ ವರ್ಷದ ನೆನಪಿಗೆ ಅವರು ಬರೆದ ಪೂಜಾಸಂಗೀತ 2015ರಲ್ಲಿ ರೋಮಿನ ಜೆಸು ದೇವಾಲಯದಲ್ಲಿ ನಡೆಯಿತು. ‘ದಿ ಮಿಷನ್’ ಚಿತ್ರದ ಪಾದ್ರಿಗಳ ಪಂಥವೇ ಅದು. ಮೂವತ್ತು ವರ್ಷಗಳ ಕೆಳಗೆ ಚಿತ್ರಕ್ಕಾಗಿ ಬರೆದವರು ಈಗ ದೇವಾಲಯಕ್ಕಾಗಿ ಬರೆದರು.

ಪೆತ್ರಾಸ್ಸಿಯವರು 98 ವರ್ಷ ಬಾಳಿ 2003ರಲ್ಲಿ ತೀರಿಕೊಂಡಿದ್ದರು. ಶಿಷ್ಯನ ಈ ಕೊನೆಯ ಮಾತನ್ನು ಕೇಳಲು ಅವರಿರಲಿಲ್ಲ.

ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೊರಿಕೋನೆ 2020ರ ಜುಲೈ 6ರಂದು ರೋಮಿನಲ್ಲಿ ಕಣ್ಣು ಮುಚ್ಚಿದರು; ಆಗ 91 ವರ್ಷ. ತಮ್ಮ ಸಾವಿನ ವಾರ್ತೆಯನ್ನು ತಾವೇ ಬರೆದಿಟ್ಟಿದ್ದರು. ಯಾರಿಗೂ ತೊಂದರೆ ಕೊಡುವ ಮನಸ್ಸಿಲ್ಲ, ಅಂತ್ಯಕ್ರಿಯೆ ಮನೆಯವರ ಮಟ್ಟಿಗೆ ನಡೆಯಲಿ ಎಂದು ಅದರಲ್ಲಿ ಕೇಳಿಕೊಂಡಿದ್ದರು. ಗೆಳೆಯರನ್ನು, ಮಕ್ಕಳನ್ನು, ಮೊಮ್ಮಕ್ಕಳನ್ನು ಹೆಸರಿಸಿ, ಕೊಟ್ಟಕೊನೆಗೆ ಮರಿಯಾಳ ಹೆಸರು. ಎಲ್ಲರಿಗಿಂತ ಆಕೆಯನ್ನು ಬೀಳ್ಕೊಡುವುದೇ ಕಠಿಣವೆಂದು ಬರೆದಿದ್ದರು. ನಾನೂರು ಚಿತ್ರಗಳ ಮಾತು ಅದರಲ್ಲಿಲ್ಲ. ಪ್ರಶಸ್ತಿಗಳ ಸುದ್ದಿಯೂ ಇಲ್ಲ.

ಸಂಸಾರಕ್ಕಾಗಿ ಒಂದು ಕಸುಬನ್ನು ಹಿಡಿದು, ಮನಸ್ಸು ಬೇರೊಂದರ ಮೇಲಿದ್ದರೂ ಬಾಳೆಲ್ಲ ಅದನ್ನೇ ನಡೆಸುವವರು ನಮ್ಮ ಬೀದಿಬೀದಿಗಳಲ್ಲಿ ಇದ್ದಾರೆ. ತುತ್ತಿಗಾಗಿ ಮಾಡುವ ಕೆಲಸಕ್ಕೂ ತಾನು ಕಲಿತ ವಿದ್ಯೆಯನ್ನೆಲ್ಲ ಕೈಬಿಚ್ಚಿ ಕೊಡಬಲ್ಲವರು ಮಾತ್ರ ವಿರಳ. ತಂದೆ ತುತ್ತೂರಿಯನ್ನು ಕೈಗಿತ್ತು, ಇದರಿಂದ ಸಂಸಾರವನ್ನು ಸಾಕು ಎಂದಿದ್ದರು. ಗುರು ಕಾಗದವನ್ನು ಕೈಗಿತ್ತು, ವಿದ್ಯೆಗೆ ತಕ್ಕಂತೆ ಬರೆ ಎಂದಿದ್ದರು. ಮಗ ಇಬ್ಬರ ಮಾತನ್ನೂ ನಡೆಸಿಕೊಟ್ಟನು. ನಡೆಸಿಕೊಟ್ಟೆನೆಂದು ತಿಳಿಯಲು ಮಾತ್ರ ಅವನಿಗೆ ಒಂದು ಜೀವಮಾನವೇ ಬೇಕಾಯಿತು.